ಹಿತ್ತಲ ಒಲೆ

ಬನಹಟ್ಟಿಯ ನೇಕಾರ ಓಣಿಯಲ್ಲಿ ಲಕ್ಷ್ಮವ್ವನ ಬಾಯಿಗೆ ಹೆದರದವರು ಇಬ್ಬರೇ ಇದ್ದರು. ಒಬ್ಬ ಆಕೆಯ ಗಂಡ ಗಿರಮಲ್ಲಪ್ಪ. ಅವನು ಶಿವನ ಪಾದ ಸೇರಿ ಎಂಟು ವರ್ಷವಾಗಿತ್ತು. ಇನ್ನೊಬ್ಬ ಕಿರಿಯ ಮಗ ಬಸಗೊಂಡ; ಅವನು ಮ್ಯಾಟ್ರಿಕ್ ಪಾಸಾಗಿ, ವಿಜಾಪುರಕ್ಕೆ ಹೋಗಿ ಕಾಲೇಜು ಓದುತ್ತೇನೆಂದು ಹಟ ಹಿಡಿದು ಮೂರು ದಿನದಿಂದ ಊಟ ಬಿಟ್ಟಿದ್ದ. ಊಟ ಬಿಟ್ಟಿದ್ದ ಅಂದರೆ ಎಲ್ಲರ ಎದುರು ಬಿಟ್ಟಿದ್ದ. ಮನೆಮಂದಿ ಉಂಡೆದ್ದ ಮೇಲೆ ಅವ್ವ ಸೆರಗಿನ ಮರೆಯಲ್ಲಿ ತಂದುಕೊಟ್ಟ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಹೊಟ್ಟೆಗೆ ಹೋಗುತ್ತಲೇ ಇತ್ತು.

ಹಿರಿಯ ಮಗ ಮಲಕಾಜಪ್ಪ ಹಾಗಲ್ಲ, ಅವ್ವ ಹಾಕಿದ ಗೆರೆ ದಾಟಿದವನಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಡಿಸಿ ಅಪ್ಪ ಮಗ್ಗದ ಕುಣಿಗೆ, ಕಾಲಿಳಿಬಿಟ್ಟು ನೇಯುವ ಆ ತಗ್ಗಿಗೆ, ಇಳಿಸಿದಾಗ ಇಳಿದವನು, ಮೂವತ್ತು ದಾಟಿದರೂ ಅಲ್ಲೇ ಇದ್ದ. ಇದ್ದ ಒಂದು ಮಗ್ಗವನ್ನು ನಾಲ್ಕು ಮಾಡಿದ್ದ. ಮೂರಕ್ಕೆ ಕೂಲಿ ನೇಕಾರರು, ಒಂದಕ್ಕೆ ತಾನು. ಬೆಳಿಗ್ಗೆ ವಿಭೂತಿ ಹಚ್ಚಿ, ಮಗ್ಗಕ್ಕೆ ಕೈಮುಗಿದ ಮೇಲೆಯೇ ಲಾಳಿ ಮುಟ್ಟುವವನು. ಸುಳ್ಳು ಹೇಳಿದವನ ಕೈಯಲ್ಲಿ ಮಗ್ಗ ನಿಲ್ಲುವುದಿಲ್ಲವೆಂದು ಚಿಕ್ಕಂದಿನಲ್ಲಿ ಅವನಿಗೆ ಹೇಳಿಕೊಟ್ಟವಳು ಲಕ್ಷ್ಮವ್ವನೇ.

"ಫೀ, ಬೋರ್ಡಿಂಗು, ಪುಸ್ತಕ ಎಲ್ಲಾ ಕೂಡಿ ವರ್ಷಕ್ಕ ನಾಕನೂರು ಅಂತಾನ ಯವ್ವಾ," ಎಂದ ಮಲಕಾಜಪ್ಪ, ರೊಟ್ಟಿ ಮುರಿಯುತ್ತ. "ನಾಕು ವರ್ಷ ಅಂದ್ರ ಎರಡು ಮಗ್ಗ ಹೋದಂಗ."

"ಹೋದ್ರ ಹೋಗಲಿ. ತಮ್ಮ ಸಾಹೇಬ ಆದ ಮ್ಯಾಲ ಎಂಟು ಮಗ್ಗ ಹಾಕಿಸ್ತಾನ."

ಒಲೆಯ ಮುಂದೆ ಕೂತಿದ್ದ ಸೊಸೆ ಅನಸವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅಂದಳು: "ಸಾಹೇಬ ಆದವರು ಹೊಳ್ಳಿ ಬಂದು ಮಗ್ಗದ ಕುಣಿ ನೋಡಿದ್ದು ನಾ ಎಲ್ಲೂ ಕೇಳಿಲ್ರಿ."

"ನಿನ್ನ ಯಾರು ಕೇಳಿದ್ರು? ರೊಟ್ಟಿ ಹೊತ್ತಾಕತ್ತೈತಿ, ಅದನ್ನ ನೋಡು."

ಅನಸವ್ವ ಬಾಯಿ ಮುಚ್ಚಿದಳು. ಹತ್ತು ವರ್ಷದಿಂದ ಮುಚ್ಚಿಯೇ ಇದ್ದಳು. ಆ ಮನೆಯಲ್ಲಿ ಹಿಟ್ಟಿನ ಡಬ್ಬಿ, ಬೆಲ್ಲದ ಗಡಿಗೆ, ಎಣ್ಣೆಯ ಭರಣಿ ಎಲ್ಲವೂ ಒಂದು ಕಪಾಟಿನಲ್ಲಿ. ಕಪಾಟಿನ ಕೀಲಿ ಅತ್ತೆಯ ಸೊಂಟದಲ್ಲಿ. ಇಷ್ಟು ಹಿಟ್ಟಿಗೆ ಇಷ್ಟೇ ರೊಟ್ಟಿ ಎಂದು ಲೆಕ್ಕ ಹಾಕಿ ಕೊಡುತ್ತಿದ್ದಳು ಲಕ್ಷ್ಮವ್ವ. ಒಂದು ರೊಟ್ಟಿ ಕಡಿಮೆ ಬಂದರೆ ಸೊಸೆಯ ತವರಿನ ಏಳು ತಲೆಮಾರು ಓಣಿಗೆಲ್ಲ ಕೇಳುವಂತೆ ಎದ್ದು ಕೂರುತ್ತಿತ್ತು.

ಊರಿನಲ್ಲಿ ನೇಕಾರ ಹುಡುಗರ ಫಂಡು ಎಂದು ಒಂದಿತ್ತು. ಸೀರೆ ವ್ಯಾಪಾರಿಗಳು ಮಾರಾಟವಾದ ಸೀರೆಗೆ ಇಷ್ಟೆಂದು ತೆಗೆದಿಟ್ಟು, ವರ್ಷಕ್ಕೆ ಮೂರು ಬಡ ಹುಡುಗರ ಕಾಲೇಜು ಖರ್ಚು ಪೂರ್ತಿ ನೋಡುತ್ತಿದ್ದರು. ಒಳ್ಳೆಯ ಕೆಲಸವೇ. ಆದರೆ ಒಂದು ಕರಾರು: ಒಂದು ಒಲೆಗೆ ಎರಡಕ್ಕಿಂತ ಹೆಚ್ಚು ಮಗ್ಗ ಇದ್ದರೆ ಆ ಮನೆಯ ಹುಡುಗನಿಗೆ ಇಲ್ಲ. ಮನೆ ಎಣಿಸುತ್ತಿರಲಿಲ್ಲ ಅವರು, ಒಲೆ ಎಣಿಸುತ್ತಿದ್ದರು. ಒಂದೇ ಸೂರಿನ ಕೆಳಗೆ ಮೂರು ಒಲೆ ಉರಿಯುವ ಮನೆಗಳು ಓಣಿಯಲ್ಲಿ ಬೇಕಾದಷ್ಟಿದ್ದವು.

ಲಕ್ಷ್ಮವ್ವ ಒಂದು ದಿನವೆಲ್ಲ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ವಿಚಾರ ಮಾಡಿದಳು. ಸಂಜೆ ರಾಟಿ ಪಕ್ಕಕ್ಕೆ ಸರಿಸಿ ಮನೆಯವರನ್ನೆಲ್ಲ ಕೂಡಿಸಿದಳು.

"ಹಾವೂ ಸಾಯಬೇಕು, ಕೋಲೂ ಮುರೀಬಾರದು. ನಾನು ಬಸಗೊಂಡ ಬ್ಯಾರೆ ಆಗತೇವಿ. ಹಿತ್ತಲ ಕ್ವಾಣ್ಯಾಗ ಒಲಿ ಹೂಡತೇನಿ. ನಾಕೂ ಮಗ್ಗ ಮಲಕಾಜಂದು, ನಂದು ಏನೂ ಇಲ್ಲ. ರಂಡಿಮುಂಡಿ, ಕಂಡಿಕಿ ಸುತ್ತಿ ಮಗನ್ನ ಸಾಕಾಕತ್ತೇನಿ. ಆತಿಲ್ಲೋ?"

ಬಸಗೊಂಡ ಚಪ್ಪಾಳೆ ತಟ್ಟಿದ. ಮಲಕಾಜಪ್ಪನ ಮುಖ ಬಾಡಿತು. "ಯವ್ವಾ, ಇದು ಸುಳ್ಳಲ್ಲೇನು?"

"ಸುಳ್ಳು ಹೆಂಗಾಗತೈತಿ ಲೇ? ಖರೇನ ಒಲಿ ಹೂಡತೇನಿ, ಖರೇನ ಬ್ಯಾರೆ ಕುದಿಸಿ ಉಣತೇನಿ. ಎಷ್ಟು ದಿನ ಅಂತ ಅವರು ಕೇಳಂಗಿಲ್ಲ, ನಾವು ಹೇಳಂಗಿಲ್ಲ. ಫಂಡಿನ ರೊಕ್ಕ ಏನು ಯಾರಪ್ಪನ ಮನೀದು? ನೀ ನೇಯ್ದ ಸೀರಿ ಮ್ಯಾಲೂ ತಗೊಂಡಾರ."

ಮರುದಿನವೇ ಮಣ್ಣು ಕಲಸಿ ಒಲೆ ಹೂಡಿದಳು. ಅಂಥ ಚಂದದ ಒಲೆ, ನೋಡಿದವರು ಹೊಗಳಬೇಕು. ಕಪಾಟಿನ ಕೀಲಿಯನ್ನು ಸೊಂಟದಿಂದ ಬಿಚ್ಚಿ ಅನಸವ್ವನ ಕೈಗೆ ಹಾಕುವಾಗ ಮಾತ್ರ ಎರಡು ಸಲ ಹಿಂದೆ ಎಳೆದುಕೊಂಡಳು.

"ಹದಿನೈದು ದಿನ ಅಷ್ಟ. ಬೆಲ್ಲದ ಗಡಿಗಿಗೆ ಗುರತ ಮಾಡಿ ಇಟ್ಟೀನಿ, ನೆನಪಿರಲಿ."

"ಹೂನ್ರಿ ಅತ್ತಿ," ಎಂದಳು ಅನಸವ್ವ. ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅರ್ಜಿ ಹಾಕಿ ವಾರವಾಗುವುದರೊಳಗೆ ಪಕ್ಕದ ಮನೆಯ ಮುರಗೆಪ್ಪ ಫಂಡಿನವರ ಹತ್ತಿರ ತಕರಾರು ಒಯ್ದ. ಅವನದು ಒಂದೇ ಮಗ್ಗ. ಮಗ ಹಣಮಂತನೂ ಅದೇ ವರ್ಷ ಪಾಸಾಗಿದ್ದ, ಬಸಗೊಂಡನಿಗಿಂತ ಹೆಚ್ಚಿನ ಮಾರ್ಕು. ಮೂರು ಜಾಗದಲ್ಲಿ ಎರಡು ತುಂಬಿದ್ದವು. ಉಳಿದ ಒಂದಕ್ಕೆ ಈ ಇಬ್ಬರು ಹುಡುಗರು.

ಫಂಡಿನ ಯಜಮಾನ ಶಿದ್ರಾಮಪ್ಪ, ಜೊತೆಗೆ ಇಬ್ಬರು ಹಿರಿಯರು, ಹಿಂದೆ ಮುರಗೆಪ್ಪ. ಎಲ್ಲರೂ ಲಕ್ಷ್ಮವ್ವನ ಮನೆಗೆ ಬಂದರು. ಹಿತ್ತಲ ಒಲೆ ನೋಡಿದರು, ಬೂದಿ ನೋಡಿದರು, ಮಡಕೆಯ ಮುಚ್ಚಳ ತೆಗೆದು ನುಚ್ಚು ನೋಡಿದರು.

"ಶಿದ್ರಾಮಪ್ಪಣ್ಣಾ, ಮಣ್ಣಿನ ಒಲಿ ಹೂಡಾಕ ಎರಡು ತಾಸು ಸಾಕು," ಎಂದ ಮುರಗೆಪ್ಪ. "ಇದು ಬಯಲಾಟ. ಮುಗಿದ ಮ್ಯಾಲ ವೇಷ ಬಿಚ್ಚಿ ಎಲ್ಲಾರೂ ಒಂದ ಪಂಕ್ತಿಗೆ ಕುಂದರತಾರ."

"ನಿನ್ನ ನಾಲಿಗಿ ಸೇದಿ ಹೋಗಲಿ! ಬೇಕಾದ್ರ ನನ್ನ ಒಲಿ ಬೂದಿ ತಕ್ಕಡ್ಯಾಗ ತೂಗು!"

ಶಿದ್ರಾಮಪ್ಪ ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದ. "ಜಗಳ ಬ್ಯಾಡ. ಮಲಕಾಜಪ್ಪ ಮಗ್ಗ ಮುಟ್ಟಿ ಹೇಳಲಿ. ನಮಗ ಅಷ್ಟು ಸಾಕು."

ಓಣಿಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಜಮಖಂಡಿ ಕೋರ್ಟಿನಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವರು ಇದ್ದರು. ಮಗ್ಗ ಮುಟ್ಟಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ, ಅಥವಾ ಇದ್ದವರು ಊರಲ್ಲಿ ಉಳಿದಿರಲಿಲ್ಲ.

ಮಲಕಾಜಪ್ಪ ಮಗ್ಗದ ಹತ್ತಿರ ಹೋಗಿ ನಿಂತ. ಅವ್ವನ ಕಡೆ ತಿರುಗಿದ. "ವಿಚಾರ ಮಾಡಿ ಹೇಳು ಯವ್ವಾ. ಮುಟ್ಟಲೇನು?"

ಲಕ್ಷ್ಮವ್ವನಿಗೆ ಎದುರಿಗೆ ಕಂಡದ್ದು ಮಗನ ಮುಖವಲ್ಲ, ಮುರಗೆಪ್ಪನ ಮುಖ. ಆ ಮುಖ ಗೆಲ್ಲಬಾರದು, ಅಷ್ಟೇ.

"ಮಾಡೀನಿ, ಎಲ್ಲಾ ವಿಚಾರ ಮಾಡೀನಿ. ಮುಟ್ಟು!"

ಮುಟ್ಟಿದ. ಶಿದ್ರಾಮಪ್ಪ ಹೇಳಿಕೊಟ್ಟಂತೆ ಒಂದೊಂದೇ ಮಾತು ಹೇಳಿದ: "ನನ್ನ ಒಲಿ ಬ್ಯಾರೆ. ನನ್ನ ಅವ್ವಂದು, ತಮ್ಮಂದು ಒಲಿ ಬ್ಯಾರೆ. ನನ್ನ ಒಲಿ ಮ್ಯಾಲ ಬೆಂದದ್ದು ಅವರು ಉಣ್ಣಂಗಿಲ್ಲ. ಇದು ಸುಳ್ಳಾದ್ರ ಈ ಮಗ್ಗ ನನ್ನ ಕೈ ಬಿಡಲಿ."

ಮಲಕಾಜಪ್ಪ ಮಗ್ಗ ಮುಟ್ಟಿದ ಮೇಲೆ ಮುಗಿಯಿತು, ತಾನೇ ತಪ್ಪು ತಿಳಿದಿರಬೇಕು ಎಂದು ಮುರಗೆಪ್ಪ ಕೈಮುಗಿದು ಹೋದ.

ಎಂಟು ದಿನಕ್ಕೆ ಮಂಜೂರಾತಿ ಬಂತು. ಬಸಗೊಂಡ ಟ್ರಂಕು ಹೊರಿಸಿಕೊಂಡು ಮೋಟಾರು ಹತ್ತಿದ. ಅವನನ್ನು ಕಳಿಸಿ ಬಂದ ಲಕ್ಷ್ಮವ್ವ ಕೈಕಾಲು ತೊಳೆದು, ಮುಂದಿನ ಅಡುಗೆಮನೆಗೆ ಬಂದು, ತನ್ನ ಮಣೆಯ ಮೇಲೆ ಕೂತು, ಗೆದ್ದ ಗತ್ತಿನಲ್ಲಿ ಅಂದಳು: "ಅನಸವ್ವಾ, ತಾಟು ಹಚ್ಚು. ಹಿತ್ತಲ ಹೊಗಿ ಕುಡಿದು ಕಣ್ಣು ಹೋದುವು."

ಅನಸವ್ವ ಗಂಡನ ಕಡೆ ನೋಡಿದಳು. ಮಲಕಾಜಪ್ಪ ತನ್ನ ತಾಟು ಪಕ್ಕಕ್ಕೆ ಸರಿಸಿ ಎದ್ದು ನಿಂತ.

"ಯವ್ವಾ, ನೀ ಇಲ್ಲಿ ಉಣ್ಣಾಕ ಬರಂಗಿಲ್ಲ."

"ಏನಂದಿ?"

"ಆಣಿ ಮಾಡೀನಿ."

ಲಕ್ಷ್ಮವ್ವ ನಕ್ಕಳು. "ಅಯ್ಯ ನನ ಮಗನಽ, ಅದು ಮಂದೀಗೆ ಮಾಡಿದ್ದು. ಅವರು ಹೋದ್ರು, ಆಣಿನೂ ಹೋತು."

"ಮಂದಿ ಹೋದ್ರು. ಮಗ್ಗ ಇಲ್ಲೇ ಐತಲ್ಲ."

"ಮಲಕಾಜಾ, ಚ್ಯಾಷ್ಟಿ ಸಾಕು."

"ಅವತ್ತ ಕೇಳಿದ್ನಿ ನಾನು. ವಿಚಾರ ಮಾಡಿ ಹೇಳು ಅಂದ್ನಿ. ಎಲ್ಲಾರ ಮುಂದ ಮುಟ್ಟು ಅಂದಿ, ಮುಟ್ಟೀನಿ. ಈಗ ನೀ ಇಲ್ಲಿ ಒಂದು ತುತ್ತು ಉಂಡ್ರ ನಾ ಸುಳ್ಳ ಆಗತೇನಿ. ನಾಕು ಮಗ್ಗ, ಮೂರು ಮಂದಿ ಕೂಲಿಯವರು, ನನ್ನ ಹೆಂಡ್ರು ಮಗಳು, ಎಲ್ಲಾ ಹೋಗತೈತಿ." ಅವನು ಕಪಾಟಿನ ಕಡೆ ಕೈ ತೋರಿಸಿದ. "ಜ್ವಾಳಾ ಹಾಕತೇನಿ, ಬ್ಯಾಳಿ ಹಾಕತೇನಿ, ಬೆಲ್ಲ, ಎಣ್ಣಿ, ಕಟಿಗಿ ನೀ ಕೇಳಿದಷ್ಟು. ಬೆಂದದ್ದು ಮಾತ್ರ ಇಲ್ಲ."

"ನಾ ಹಡದೀನಿ ಲೇ ನಿನ್ನ!"

"ಹಡದಾಕಿನ ಕಲಿಸಿದ್ದು ಇದು."

ಲಕ್ಷ್ಮವ್ವನ ಸಿಟ್ಟು ಸೊಸೆಯ ಕಡೆ ತಿರುಗಿತು. "ನೀ ಊದೀಯೇನ ಇವನ ಕಿವಿಯೊಳಗ? ಕೊಡು ಇಲ್ಲಿ ನನ್ನ ಕೀಲಿ!"

ಅನಸವ್ವ ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದಳು: "ಬ್ಯಾರೆ ಒಲಿಯವರಿಗೆ ಈ ಒಲಿ ಕೀಲಿ ಯಾಕ್ರಿ ಅತ್ತಿ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆದರೆ ಅತ್ತೆ ತನ್ನ ಕಾಲವನ್ನು ತಾನೇ ಬಿಚ್ಚಿ ಸೊಸೆಯ ಕೈಗಿಟ್ಟದ್ದು ಆ ಓಣಿಯಲ್ಲಿ ಅದೇ ಮೊದಲು.

ಮೊದಲ ವಾರ ಲಕ್ಷ್ಮವ್ವ ಮಗ ತಾನೇ ಬಂದು ಕರೆಯುತ್ತಾನೆಂದು ಸೆಟೆದು ಕೂತಳು. ಮಲಕಾಜಪ್ಪ ಬರುತ್ತಿದ್ದ, ದಿನಾ ಬೆಳಿಗ್ಗೆ ಬಂದು, ಕಾಲು ಮುಟ್ಟಿ, ನೀರು ತುಂಬಿಟ್ಟು, ಕಟ್ಟಿಗೆ ಸೀಳಿಟ್ಟು ಹೋಗುತ್ತಿದ್ದ. ಉಣ್ಣಲು ಮಾತ್ರ ಕರೆಯಲಿಲ್ಲ. ಎರಡನೆಯ ವಾರ ಮಾತು ಬಿಟ್ಟಳು. ಮೂರನೆಯ ವಾರ ಅತ್ತಳು. ಒಬ್ಬಳಿಗೆಂದು ಎರಡು ರೊಟ್ಟಿ ಬಡಿಯುವುದು ಎಂಥ ಹೇಸಿಗೆಯ ಕೆಲಸ ಎಂಬುದು ಅರವತ್ತರ ಹತ್ತಿರ ಬಂದಾಗ ಆಕೆಗೆ ತಿಳಿಯಿತು. ಮುಂದಿನ ಒಲೆಯಿಂದ ಒಗ್ಗರಣೆಯ ಸದ್ದು ಬರುತ್ತಿತ್ತು; ಎಣ್ಣೆ ಎಷ್ಟು ಬಿತ್ತೆಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಕೇಳಲು ಬಾಯಿರಲಿಲ್ಲ.

ಕಂಡಿಕೆ ಸುತ್ತುವುದು ಬಿಡಲಿಲ್ಲ. ಮಗನ ಮಗ್ಗಕ್ಕೆ ತಾಯಿ ಸುತ್ತದೆ ಇನ್ನಾರು ಸುತ್ತಬೇಕು? ಆದರೆ ವಾರದ ಸಂತೆಯ ದಿನ ಅನಸವ್ವ ಬೇರೆ ಹೆಂಗಸರಿಗೆ ಕೂಲಿ ಹಂಚಿ, ಅಷ್ಟೇ ಚಿಲ್ಲರೆಯನ್ನು ತಂದು ಅತ್ತೆಯ ರಾಟಿಯ ಹತ್ತಿರ ಇಟ್ಟಳು.

"ಏನ ಇದು?"

"ಕೂಲಿರಿ. ಬ್ಯಾರೆ ಮನಿಯವರ ಕಡಿಂದ ಬಿಟ್ಟಿ ದುಡಿಸಿಕೊಂಡ್ರ ಮಂದಿ ಏನಂದಾರು?"

ಲಕ್ಷ್ಮವ್ವ ಆ ಚಿಲ್ಲರೆಯನ್ನು ಅಂಗಳಕ್ಕೆ ತೂರಿದಳು. ಸಂಜೆ ಬೆಳಕು ಕಡಿಮೆಯಾದ ಮೇಲೆ ಹೋಗಿ ತಾನೇ ಆರಿಸಿಕೊಂಡು ಬಂದಳು. ಎಲೆ ಅಡಿಕೆಗೆ ಬೇಕಾಗಿತ್ತು.

ಬಸಗೊಂಡನ ಕಾಗದ ಬಂತು. ಮೂರನೇ ಇಯತ್ತೆ ಓದುವ ಮೊಮ್ಮಗಳು ಪದ್ಮವ್ವ ಹಿತ್ತಲಲ್ಲಿ ಕೂತು ಅಕ್ಷರ ಕೂಡಿಸಿ ಓದಿದಳು: ಫೀ ಪೂರ್ತಿ ಮಾಫಿಯಾಗಿದೆ, ಬೋರ್ಡಿಂಗಿನಲ್ಲಿ ಎರಡು ಹೊತ್ತು ಊಟ, ರವಿವಾರ ಸಿಹಿ, ನೀವೆಲ್ಲ ಒಟ್ಟಿಗೆ ಸುಖವಾಗಿರುವಿರೆಂದು ನಂಬಿದ್ದೇನೆ.

"ಯಮ್ಮಾ, ನಿನಗ ಸಿಹಿ ಇಲ್ಲಲ್ಲ," ಎಂದಳು ಹುಡುಗಿ.

ಶ್ರಾವಣದ ಸೋಮವಾರ ಮುಂದಿನ ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯಿತು. ಪದ್ಮವ್ವ ಲಂಗದ ಮರೆಯಲ್ಲಿ ಒಂದು ಬಟ್ಟಲು ಮುಚ್ಚಿ ತಂದಳು. ಬೇಡ ಅನ್ನಬೇಕಾಗಿತ್ತು. ಲಕ್ಷ್ಮವ್ವ ಬಾಗಿಲು ಮುಂದೆ ಮಾಡಿ, ಕಳ್ಳರ ಹಾಗೆ ಗೋಡೆಗೆ ಮುಖ ಹಾಕಿ, ಬಟ್ಟಲು ನೆಕ್ಕುವವರೆಗೆ ತಿಂದಳು.

ಮರುದಿನ ಮಲಕಾಜಪ್ಪನ ಮಗ್ಗದ ಹಗ್ಗ ಹರಿಯಿತು. ಬಿಗಿದ ಹಾಸುನೂಲು ಸಡಿಲಾಗಿ ಒಂದಕ್ಕೊಂದು ಸಿಕ್ಕು ಬಿದ್ದು ನೂರಾರು ಎಳೆ ತುಂಡಾದವು. ಅವನು ಕುಣಿಯಿಂದೆದ್ದು ಬಂದು ಕೇಳಿದ್ದು ಒಂದೇ ಮಾತು: "ಯಾರು ಕೊಟ್ರಿ?" ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ. ಪದ್ಮವ್ವ ಅಳತೊಡಗಿದಳು. ಹುಟ್ಟಿದಾಗಿನಿಂದ ಮಗಳ ಮೇಲೆ ಕೈ ಎತ್ತದವನು ಅವತ್ತು ಎತ್ತಿದ.

"ಹುಡುಗೀನ ಬಿಡು! ನನ್ನ ಹೊಡಿ!" ಲಕ್ಷ್ಮವ್ವ ನಡುವೆ ಬಿದ್ದಳು. "ಆ ಹಗ್ಗ ಉಗಾದಿ ಹೊತ್ತಿಗೇನ ಸವದಿತ್ತಲ್ಲೋ! ಬದಲಿಸು ಬದಲಿಸು ಅಂತ ನಾನಽ ಎಷ್ಟು ಸಲ ಬಡಕೊಂಡೀನಿ!"

ಮಲಕಾಜಪ್ಪ ಆಕೆಯ ಕಾಲು ಹಿಡಿದುಕೊಂಡು ಬಿಟ್ಟ. "ನನ್ನ ಮನಿ ಮುಳಗಸಬ್ಯಾಡ ಯವ್ವಾ. ಕೈ ಮುಗೀತೇನಿ."

ಇಂಥ ಮಗನನ್ನು ಬೈಯುವುದಾದರೂ ಹೇಗೆ? ಕಳ್ಳನಾಗಿದ್ದರೆ ಓಣಿಯಲ್ಲಿ ನಿಲ್ಲಿಸಿ ಮಾನ ಕಳೆಯಬಹುದಿತ್ತು. ಪ್ರಾಮಾಣಿಕನನ್ನು ಹಡೆದು ಕೆಟ್ಟೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು!

ಒಂದೇ ದಾರಿ ಉಳಿದಿತ್ತು. ಶಿದ್ರಾಮಪ್ಪನ ಹತ್ತಿರ ಹೋಗಿ, ಸುಳ್ಳು ನನ್ನದು, ನನ್ನ ಮಗನ ಆಣೆ ಬಿಡಿಸಿರಿ ಎನ್ನುವುದು. ಒಂದು ಮುಂಜಾನೆ ಹೊರಟೇಬಿಟ್ಟಳು. ಮುರಗೆಪ್ಪನ ಮನೆ ದಾಟುವಾಗ ಬಾಗಿಲು ತೆರೆದಿತ್ತು. ಹಣಮಂತ ಅಪ್ಪನ ಮಗ್ಗದ ಕುಣಿಯಲ್ಲಿ ಇಳಿದು ಲಾಳಿ ಎಸೆಯುವುದು ಕಲಿಯುತ್ತಿದ್ದ. ತಲೆ ಎತ್ತಿ, "ಎಲ್ಲಿಗಿ ಹೊಂಟಿ ದೊಡ್ಡವ್ವಾ?" ಎಂದು ಕೇಳಿದ. ಆಕೆ ಹೆಜ್ಜೆ ಜೋರು ಮಾಡಿದಳು.

ಶಿದ್ರಾಮಪ್ಪ ತನ್ನ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಎದ್ದು ಆಕೆಯನ್ನು ಕೂಡಿಸಿದ. "ನೋಡ್ರಿ, ತಾಯಿ ಅಂದ್ರ ಈಕಿ. ಬ್ಯಾರೆ ಒಲಿ ಹೂಡಿ, ಕಂಡಿಕಿ ಸುತ್ತಿ ಮಗನ್ನ ಓದಸಾಕತ್ತಾಳ. ಏನ ಬಂದಿ ತಂಗಿ?"

ಸುಳ್ಳೆಂದರೆ ಫಂಡು ನಿಲ್ಲುತ್ತದೆ. ಬಸಗೊಂಡ ಟ್ರಂಕು ಹೊತ್ತು ಹೊಳ್ಳಿ ಬರುತ್ತಾನೆ. ಊರು ಮಲಕಾಜಪ್ಪನ ಮುಖಕ್ಕೆ ಉಗುಳುತ್ತದೆ.

"ಸುಮ್ಮನ ಬಂದಿದ್ನಿ ಅಣ್ಣಾರ, ಮಾತಾಡ್ಸಿ ಹೋಗೂಣು ಅಂತ," ಎಂದು ಎದ್ದು ಬಂದಳು.

ದೀಪಾವಳಿಗೆ ಬಸಗೊಂಡ ಬಂದ. ಇಸ್ತ್ರಿ ಮಾಡಿದ ಶರ್ಟು, ಕಿಸೆಯಲ್ಲಿ ಪೆನ್ನು. ಅವ್ವನ ಹತ್ತಿರ ಹಿತ್ತಲಲ್ಲಿ ಕೂತು ಎರಡು ರೊಟ್ಟಿ ತಿಂದು, ಹೊಗೆಗೆ ಕೆಮ್ಮಿ, "ಇದು ಇನ್ನೂ ನಡದೈತೇನು?" ಎಂದು ನಕ್ಕ. ಲಕ್ಷ್ಮವ್ವ ಎಲ್ಲವನ್ನೂ ಹೇಳಿದಳು. ಓದಿದವನು, ಅಣ್ಣನಿಗೆ ತಿಳಿಸಿ ಹೇಳಿಯಾನು ಎಂದು ಅವನ ಮುಖವನ್ನೇ ನೋಡುತ್ತ ಕೂತಳು.

ಪಾಡ್ಯದ ದಿನ ಬೆಳಿಗ್ಗೆ ಮಲಕಾಜಪ್ಪ ಮಠಕ್ಕೆ ಹೋಗಿ ಅಯ್ಯನವರನ್ನು ಕಂಡು ಓಡುತ್ತಲೇ ಬಂದ. ನಾಲ್ಕು ತಿಂಗಳಲ್ಲಿ ಅವನ ಮುಖ ಅರಳಿದ್ದು ಅವತ್ತೇ.

"ದಾರಿ ಸಿಕ್ಕಿತು ಯವ್ವಾ! ಬಸಗೊಂಡ ದೂರಿಂದ ಬಂದವ, ಮನಿಗೆ ಬಂದ ಅತಿಥಿ, ಪಾವಣ್ಯಾ ಆದಂಗ. ಪಾವಣ್ಯಾಗ ಉಣ್ಣಾಕ ಹಾಕಿದ್ರ ಒಲಿ ಕೂಡಿದಂಗ ಆಗಂಗಿಲ್ಲಂತ."

"ಮತ್ತ ನಾ?"

ಅವನು ನೆಲ ನೋಡಿದ. "ನೀ ಇಲ್ಲೇ ಇರಾಕಿ, ಪಾವಣ್ಯಾ ಅನ್ನಾಕ ಬರಂಗಿಲ್ಲ. ಆದರ ಬಾಗಲಿಗೆ ಬಂದು ಬೇಡಿದವರಿಗೆ ನೀಡಿದ್ದು ದಾಸೋಹ. ಅದಕ್ಕ ಆಣಿ ತಟ್ಟಂಗಿಲ್ಲಂತ. ನೀ ಮುಂದಿನ ಬಾಗಲಿಗೆ ಬಂದು ಒಂದು ಮಾತು ಬೇಡಿಬಿಟ್ರ... ಇವತ್ತ ಅಲ್ಲ, ದಿನಾ ನೀಡಬಹುದು."

ಲಕ್ಷ್ಮವ್ವ ಬಸಗೊಂಡನ ಕಡೆ ನೋಡಿದಳು. ಈಗ ಸಿಡಿಯುತ್ತಾನೆ, ಅಣ್ಣನ ಅಂಗಿ ಹಿಡಿಯುತ್ತಾನೆ ಎಂದುಕೊಂಡಳು.

ಬಸಗೊಂಡ ತಲೆ ಬಾಚುತ್ತಿದ್ದ. "ಹೋಗಲಿ ಬಿಡವ್ವಾ, ಅದರಾಗ ಏನೈತಿ? ಒಂದು ನಿಮಿಷದ ಮಾತು. ಇನ್ನ ಮೂರು ವರ್ಷ ಹೆಂಗೂ ನಡಸಬೇಕು; ಫಂಡಿನವರು ವರ್ಷಾ ಕೇಳತಾರ. ಆಮ್ಯಾಲ ನಾ ನೌಕರಿ ಹಿಡದು ನಿನ್ನ ಕರಕೊಂಡು ಹೋಗತೇನಿ." ಬಾಚಣಿಗೆ ಕಿಸೆಗೆ ಹಾಕಿ, ಅತ್ತಿಗೆ ಕರೆದಳೆಂದು ಒಳಗೆ ಹೋದ.

ಲಕ್ಷ್ಮವ್ವ ಬಹಳ ಹೊತ್ತು ಕೂರಲಿಲ್ಲ. ತಾಟು ತೆಗೆದುಕೊಂಡಳು. ಒಳಗಿಂದ ಹಾದು ಹೋಗಬಹುದಿತ್ತು, ಹೋಗಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸಂದಿಯಲ್ಲಿ ಸುತ್ತು ಹಾಕಿ, ಹೊಸ ಸೀರೆ ಉಟ್ಟು ನಿಂತ ಹೆಂಗಸರ ನಡುವಿನಿಂದ ನಡೆದು ಬಂದು, ತನ್ನ ಮನೆಯ ಮುಂಬಾಗಿಲಿನ ಮೆಟ್ಟಿಲ ಕೆಳಗೆ ನಿಂತಳು.

"ತಾಯೀ! ಹಸದು ಬಂದೀನಿ, ನೀಡವ್ವಾ ತಾಯೀ!"

ಓಣಿಯ ಹೆಂಗಸರೆಲ್ಲ ತಿರುಗಿ ನೋಡಿದರು. ಅನಸವ್ವ ಎರಡು ಹೋಳಿಗೆ ಹಿಡಿದು ಬಂದಳು. ನೀಡುವಾಗ ಒಂದು ತಾಟಿನ ಅಂಚಿಗೆ ಬಿತ್ತು. "ಒಳಗ ಬರ್ರಿ ಅತ್ತಿ," ಎಂದಳು, ಯಾರಿಗೂ ಕೇಳದ ದನಿಯಲ್ಲಿ. ಹಿಂದೆ ಮಲಕಾಜಪ್ಪ ಬಾಗಿಲ ಚೌಕಟ್ಟು ಹಿಡಿದು ಅಳುತ್ತಿದ್ದ.

ಲಕ್ಷ್ಮವ್ವ ಸೊಸೆಯ ಕಡೆ ನೋಡಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಮುರಗೆಪ್ಪನ ಕಡೆ ತಿರುಗಿ, ತಾಟು ಎತ್ತಿ ತೋರಿಸಿದಳು.

"ನೋಡು ಮುರಗೆಪ್ಪಾ, ಕಣ್ಣ ತುಂಬ ನೋಡು! ನನ್ನ ಮಗ ಸುಳ್ಳು ಆಣಿ ಮಾಡಿಲ್ಲ. ಖರೇನ ಬ್ಯಾರೆ ಆಗೀವಿ."

ಮುರಗೆಪ್ಪ ಹಬ್ಬದ ದಿನವೂ ಮಗ್ಗದ ಕುಣಿ ಗುಡಿಸುತ್ತಿದ್ದ ಮಗನನ್ನು ಒಮ್ಮೆ ನೋಡಿ, ಎದ್ದು ಒಳಗೆ ಹೋದ. ಈ ಕಡೆ ಮನೆಯೊಳಗೆ ಬಸಗೊಂಡ ಎರಡನೆಯ ಹೋಳಿಗೆಗೆ ತುಪ್ಪ ಬಡಿಸಿರೆಂದು ಕೂಗುತ್ತಿದ್ದ.